ಐದನೇ ಮಹಡಿಯ ಎಡೆ

ಜಿತೇಂದ್ರನ ಗ್ರಹಚಾರ ಕೆಟ್ಟದ್ದು ಒಂದು ಫೋನ್ ಕರೆಯಿಂದ. ಕುಂದಾಪುರದಲ್ಲಿ ಹೊಸದಾಗಿ ಎದ್ದು ನಿಂತ ಐದು ಮಹಡಿಯ ಕಟ್ಟಡವೊಂದರ ತಾರಸಿಯ ಮೇಲೆ, ಬೀರನ್ನು ಅಲ್ಲಿಯೇ ತಯಾರಿಸಿ ಅಲ್ಲಿಯೇ ಬಡಿಸುವ ಹೋಟೆಲು ಶುರುವಾಗಿತ್ತು. ಹಂಗಾರಕಟ್ಟೆಯ ಐಸ್ ಪ್ಲಾಂಟಿನಲ್ಲಿ ಸೂಪರ್‌ವೈಸರ್ ಆಗಿದ್ದ ಜಿತೇಂದ್ರ, ಯಾರಿಗೂ ಕೇಳಿಸಬಾರದೆಂದು ಮಂಜುಗಡ್ಡೆಯ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು, ಚಳಿಗೆ ಹಲ್ಲು ಕಟಕಟ ಕಡಿಯುತ್ತಾ ಆ ಹೋಟೆಲಿಗೆ ಫೋನು ಮಾಡಿ, ಒಂದು ಗ್ಲಾಸು ಬೀರು ಪಾರ್ಸೆಲ್ ಸಿಗುತ್ತದೆಯೇ ಎಂದು ಕೇಳಿದ.

"ಸಾರಿ ಸರ್, ಬೀರ್ ಪಾರ್ಸೆಲ್ ಕೊಡೋದಿಲ್ಲ. ಕುಡಿಯುವವರು ಇಲ್ಲಿಗೇ ಬರ್ಬೇಕು" ಎಂದಿತು ಆ ಕಡೆಯ ದನಿ.

ಕುಡಿಯಬೇಕಾದವರು ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು.

ಅವರು ಜಿತೇಂದ್ರನ ಅಪ್ಪ, ಕೋಡಿಯ ಬಚ್ಚಣ್ಣ. ಮೂವತ್ತು ವರ್ಷ ಬೋಟು ನಡೆಸಿದವರು. ವಯಸ್ಸಾದ ಮೇಲೆ ಅವರ ಕೆಲಸ ಒಂದೇ. ಹೆಂಡತಿ ಜಲಜಕ್ಕ ಕುಂದಾಪುರ ಪೇಟೆಯಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಾಗ, ಪಕ್ಕದಲ್ಲಿ ಕೂತು ಆ ಕಟ್ಟಡ ಮೇಲೇಳುವುದನ್ನು ನೋಡುವುದು. ತಾರಸಿಯಲ್ಲಿ ಬೀರಿನ ಹೋಟೆಲು ಬರುತ್ತದೆ ಎಂಬ ಸುದ್ದಿ ಕೇಳಿ, ಒಂದೊಂದು ಮಹಡಿ ಏರಿದಾಗಲೂ ತಮ್ಮ ಆಸೆ ಹೇಳುತ್ತಿದ್ದರು, "ನೆಲದ್ ಮೇಲ್ ಕುಡ್ದದ್ ಸಾಕ್ ಜಲಜಾ. ಅಲ್ಲ್ ಮೇಲ್ ಕೂಕಂಡ್ ಒಂದ್ ಗ್ಲಾಸ್ ಕುಡುಕ್. ಅಲ್ಲಿಂದ ನಮ್ಮನಿ ಕಾಂತ್ತಾ ಕಾಣ್ಕ್." ಐದನೇ ಮಹಡಿಯ ಸ್ಲ್ಯಾಬ್ ಹಾಕಿದ್ದಾಯಿತು, ಲಿಫ್ಟು ಬರುವ ಮೊದಲೇ ಬಚ್ಚಣ್ಣ ಹೋಗಿಬಿಟ್ಟರು.

ಆ ಕಡೆ ಒಂದು ಕ್ರಮವಿದೆ. ತೀರಿಹೋದ ಹಿರಿಯರಿಗೆ ವರ್ಷಕ್ಕೊಮ್ಮೆ ಬಾಳೆ ಎಲೆಯ ಮೇಲೆ ಎಡೆ ಬಡಿಸುತ್ತಾರೆ. ಅವರಿಗೆ ಏನೇನು ಇಷ್ಟವೋ ಅದೆಲ್ಲ ಎಲೆಯಲ್ಲಿರಬೇಕು. ಮೀನು, ಬೀಡಿ, ಕುಡಿಯುತ್ತಿದ್ದವರಾದರೆ ಅದೂ. ಬಡಿಸಿ, ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ನಿಲ್ಲುತ್ತಾರೆ. ಬಂದವರು ಸಂಕೋಚವಿಲ್ಲದೆ ಉಂಡು ಹೋಗಲಿ ಎಂದು. ಬಚ್ಚಣ್ಣನ ವರ್ಷಾಂತಿಕದ ಎಡೆಗೆ ವೈನ್‌ಶಾಪಿನ ಬಾಟ್ಲಿ ಬೀರು ಇಟ್ಟಿದ್ದರು. ಆ ರಾತ್ರಿಯೇ ಬಚ್ಚಣ್ಣ ಹೆಂಡತಿಯ ಕನಸಿನಲ್ಲಿ ಬಂದು, ಬೆನ್ನು ಹಾಕಿ ಕೂತರಂತೆ. ಮಾತಿಲ್ಲ, ಕತೆಯಿಲ್ಲ.

ಬೆಳಿಗ್ಗೆ ಎದ್ದ ಜಲಜಕ್ಕ, ಗಂಡನಿಗೆ ಆ ಮೇಲಿನ ಗ್ಲಾಸು ಸಿಗುವವರೆಗೆ ತಾನು ಮೀನು ಮುಟ್ಟುವುದಿಲ್ಲ ಎಂದುಬಿಟ್ಟರು. ತಿನ್ನುವುದೂ ಇಲ್ಲ, ಮಾರುವುದೂ ಇಲ್ಲ. ಮನೆಯ ಹಿರಿಯರೇ ಮುಟ್ಟದ ಮೇಲೆ ಉಳಿದವರು ಯಾವ ಮುಖ ಇಟ್ಟುಕೊಂಡು ತಿನ್ನುವುದು? ಜಿತೇಂದ್ರನ ಹೆಂಡತಿ ರಮಿತಾ ತೊಂಡೆಕಾಯಿ ತರಲು ಶುರುಮಾಡಿದಳು. ತೊಂಡೆಕಾಯಿ ಪಲ್ಯ, ತೊಂಡೆಕಾಯಿ ಹುಳಿ, ತೊಂಡೆಕಾಯಿ ಗೊಜ್ಜು. ಸಮುದ್ರದಿಂದ ನೂರು ಮಾರು ದೂರದ ಮನೆಯಲ್ಲಿ ಎರಡು ತಿಂಗಳು ತೊಂಡೆಕಾಯಿ. ಬೆಕ್ಕು ಕೂಡ ಪಕ್ಕದ ಮನೆಗೆ ಬಿಡಾರ ಬದಲಿಸಿತು.

ತೊಂಡೆಕಾಯಿಯನ್ನಾದರೂ ಜಿತೇಂದ್ರ ಸಹಿಸುತ್ತಿದ್ದ. ಆದರೆ ಅಮ್ಮ ಜಗಲಿಯಲ್ಲಿ ಸುಮ್ಮನೆ ಕೂತಿರುವುದನ್ನು ನೋಡಲು ಅವನಿಂದಾಗುತ್ತಿರಲಿಲ್ಲ. ಪೇಟೆಯ ಆ ತುದಿಯಲ್ಲಿ ಕೂಗಿದರೆ ಈ ತುದಿಯಲ್ಲಿ ಬಸ್ಸು ನಿಲ್ಲುತ್ತಿದ್ದಂಥ ಹೆಂಗಸು, ಈಗ ಕೇಳಿದ್ದಕ್ಕೆ ಹ್ಞೂಂ ಎಂದರೆ ಹೆಚ್ಚು. ಅಮ್ಮ ಮೊದಲಿನಂತೆ ಆಗಬೇಕು, ಬುಟ್ಟಿ ಎತ್ತಿಕೊಂಡು ಪೇಟೆಗೆ ಹೋಗಬೇಕು, ಅಷ್ಟಾದರೆ ಸಾಕು ಎಂದು ಅವನು ಹರಕೆಯನ್ನೂ ಹೊತ್ತಿದ್ದ.

ತೊಡಕು ಏನೆಂದರೆ, ಜಿತೇಂದ್ರ ಊರಿನ ಪಾನವಿರೋಧಿ ಸಮಿತಿಯ ಕಾರ್ಯದರ್ಶಿ. ಹುಟ್ಟಿದಂದಿನಿಂದ ಒಂದು ಹನಿ ಬಾಯಿಗೆ ಬಿಟ್ಟವನಲ್ಲ. ಸಮಿತಿಯ ಅಧ್ಯಕ್ಷರಾದ ಚಂದು ಮಾಸ್ಟ್ರು ಎಲ್ಲ ಸಭೆಯಲ್ಲೂ ಅವನನ್ನು ಎದ್ದು ನಿಲ್ಲಿಸಿ, "ಕಾಣಿ, ಗಂಡ್ಸ್ ಅಂದ್ರೆ ಹೀಂಗ್ ಇರ್ಕ್" ಎಂದು ತೋರಿಸುತ್ತಿದ್ದರು.

ಮಹಾಲಯ ಅಮಾವಾಸ್ಯೆ ಭಾನುವಾರವೇ ಬಂತು. ಬೆಳಿಗ್ಗೆ ಜಿತೇಂದ್ರ ಮೆಲ್ಲಗೆ ಸುದ್ದಿ ಹೇಳಿದ, "ಅಮ್ಮ, ಅವ್ರ್ ಪಾರ್ಸೆಲ್ ಕೊಡುದಿಲ್ಲೆ ಅಂಬ್ರ್."

"ಬೀರ್ ಕೆಳ್ಗ್ ಬಪ್ಪುದಿಲ್ಲೆ ಅಂದ್ರೆ ನಾವೇ ಮೇಲ್ ಹೋಪ" ಎಂದರು ಜಲಜಕ್ಕ. "ಎಡಿ ಅಲ್ಲೇ ಬಡ್ಸುವ."

"ಅಮ್ಮ, ಅದ್ ಬಾರ್. ನಾನ್ ಸಮಿತಿ ಸೆಕ್ರೆಟ್ರಿ."

"ನೀನ್ ಕುಡುಕ್ ಹೋಪ್ದಾ? ಅಪ್ಪಯ್ಯಂಗ್ ಕುಡ್ಸುಕ್ ಹೋಪ್ದ್. ಸತ್ತವ್ರ್ ಕುಡುಕಾಗ ಅಂದೇಳಿ ನಿಮ್ ಸಮಿತಿಯಂಗ್ ಎಂತಾರೂ ಇತ್ತಾ?"

ಇರಲಿಲ್ಲ. ಇಂಥದ್ದೊಂದು ಪ್ರಶ್ನೆ ಬರಬಹುದೆಂದು ನಿಯಮ ಬರೆದವರಿಗೆ ಹೊಳೆದಿರಲಿಲ್ಲ.

ಇಷ್ಟು ಮಾತು ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದ ಮೋಹಿನಕ್ಕನ ಕಿವಿಗೆ ಬೀಳದೆ ಇರುತ್ತದೆಯೇ? ಬಕೆಟ್ಟು ಅಲ್ಲಿಯೇ ಬಿಟ್ಟು ಬಂದರು. "ಜಲಜಕ್ಕ, ನಾನೂ ಬತ್ತೆ. ಎಡಿ ಬಡ್ಸುವತಿಗೆ ನೆರೆಕರೆಯವ್ರ್ ಒಬ್ರಾರೂ ಬೇಕಲೆ" ಎಂದವರೇ ಐದು ನಿಮಿಷದಲ್ಲಿ ರೇಷ್ಮೆ ಸೀರೆ ಉಟ್ಟು, ಫೋನು ಹಿಡಿದುಕೊಂಡು ತಯಾರಾದರು. ರಮಿತಾ ಎರಡು ತಿಂಗಳ ಮೇಲೆ ಮನೆಯಲ್ಲಿ ಕಾಣೆ ಮೀನು ಹುರಿದಳು, ಎಡೆಗೆಂದು. ಆ ಪರಿಮಳಕ್ಕೆ ಬೆಕ್ಕು ವಾಪಸು ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತಿತು. ಜಿತೇಂದ್ರನಿಗೂ ಅಲ್ಲಿಯೇ ಕೂರುವ ಆಸೆಯಾಯಿತು.

ರಮಿತಾ ಮನೆಯಲ್ಲೇ ಉಳಿದಳು. ಡ್ರೈವರ್ ಗುಡ್ಡನ ರಿಕ್ಷಾ ಬಂತು. ತನ್ನ ದಪ್ಪ ಮೀಸೆ ಕಂಡು ಯಾರಾದರೂ ಗುರುತು ಹಿಡಿದಾರು ಎಂದು ಜಿತೇಂದ್ರ ತಲೆಗೆ ಹೆಲ್ಮೆಟ್ ಹಾಕಿಕೊಂಡು, ಗಾಜು ಇಳಿಸಿಕೊಂಡು ಹಿಂದೆ ಕೂತ.

ಗುಡ್ಡನಿಗೆ ಬೇಸರವಾಯಿತು. "ಜಿತಣ್ಣ, ನನ್ ರಿಕ್ಷಾದಂಗ್ ಕೂಕಂಬುಕೆ ಹೆಲ್ಮೆಟ್ ಎಂತಕ್ ಮಾರಾಯ್ರೆ? ನಾನ್ ಅಷ್ಟ್ ಜೋರ್ ಬಿಡುದಿಲ್ಲೆ."

"ನೀ ಸುಮ್ನೆ ಹೋಗ್" ಎಂದ ಜಿತೇಂದ್ರ ಹೆಲ್ಮೆಟ್ಟಿನೊಳಗಿಂದ. ದಾರಿಯುದ್ದಕ್ಕೂ ರಿಕ್ಷಾದಲ್ಲಿ ಹೆಲ್ಮೆಟ್ ಹಾಕಿದವನನ್ನು ಜನ ತಿರುಗಿ ತಿರುಗಿ ನೋಡಿದರು. ಸುಮ್ಮನೆ ಬರಿದಲೆಯಲ್ಲಿ ಹೋಗಿದ್ದರೆ ಯಾರೂ ನೋಡುತ್ತಿರಲಿಲ್ಲ. ಶಾಸ್ತ್ರಿ ಸರ್ಕಲ್ಲಿನಲ್ಲಿ ಪೋಲೀಸನೊಬ್ಬ, ಇಂಥ ಪ್ರಜೆಯನ್ನು ಸರ್ವೀಸಿನಲ್ಲಿ ಮೊದಲ ಸಲ ಕಂಡವನಂತೆ ಬಗ್ಗಿ ನೋಡಿ, "ಜಿತೇಂದ್ರಣ್ಣ ಅಲ್ದಾ?" ಎಂದ.

ಕಟ್ಟಡದ ಕೆಳಗೆ ಸೆಕ್ಯುರಿಟಿಯವನು ಜಲಜಕ್ಕನ ಬುಟ್ಟಿಗೆ ಕೈ ಅಡ್ಡ ಹಿಡಿದ. "ಹೊರ್ಗಿನ್ ಊಟ ಮೇಲ್ ಬಿಡುದಿಲ್ಲೆ ಅಮ್ಮ."

"ಇದ್ ನಮ್ಗಲ್ಲ ಮಗಾ, ನಮ್ ಯಜಮಾನ್ರಿಗೆ."

"ಅವ್ರ್ ಎಲ್ಲಿದ್ರ್?"

"ತೀರ್ಕಂಡ್ ವರ್ಷದ್ ಮೇಲ್ ಎರಡ್ ತಿಂಗ್ಳ್ ಆಯ್ತ್. ಅಮಾಸಿ ಅಲ್ದಾ ಇವತ್ತ್, ನಮ್ ಹಿಂದೆಯೇ ಬತ್ತಾ ಇಪ್ಪುಕೂ ಸಾಕ್."

ಸೆಕ್ಯುರಿಟಿಯವನು ಅವರ ಹಿಂದೆ ಖಾಲಿ ಜಾಗವನ್ನು ಒಮ್ಮೆ ನೋಡಿದ. ಆಮೇಲೆ ತಾನೇ ಹೋಗಿ ಲಿಫ್ಟಿನ ಗುಂಡಿ ಒತ್ತಿ, ಮೂವರೂ ಒಳಹೊಕ್ಕ ಮೇಲೆ ಇನ್ನೊಬ್ಬರು ಹೋಗುವಷ್ಟು ಹೊತ್ತು ಬಾಗಿಲು ಹಿಡಿದುಕೊಂಡು ನಿಂತ.

ಮೇಲೆ, ಕಪ್ಪು ಏಪ್ರನ್ ಕಟ್ಟಿದ್ದ ಕೀರ್ತನ್ ಎಂಬ ಮ್ಯಾನೇಜರ್ ಬೆಂಗಳೂರಿನ ಕನ್ನಡದಲ್ಲಿ ಸ್ವಾಗತಿಸಿದ. "ಬನ್ನಿ ಮೇಡಂ, ಎಷ್ಟು ಜನ?"

"ನಾಲ್ಕ್."

ಅವನು ಎಣಿಸಿದ. ಒಬ್ಬ ಹೆಲ್ಮೆಟ್ ಹಾಕಿದವನು ಸೇರಿ ಮೂವರೇ ಇದ್ದರು. "ಇನ್ನೊಬ್ಬರು ಬರ್ತಾರಾ?"

"ಬರ್ಲಿ ಅಂದೇಳಿಯೇ ಬಂದದ್" ಎಂದು ಜಲಜಕ್ಕ ಬುಟ್ಟಿಯಿಂದ ಬಾಳೆ ಎಲೆ ತೆಗೆದು ಮೇಜಿನ ಮೇಲೆ ಹಾಸಿದರು.

ಎಲೆ ಕಂಡದ್ದೇ ಕೀರ್ತನನ ಬೆಂಗಳೂರು ಎಲ್ಲೋ ಹಾರಿಹೋಯಿತು. "ಎಡಿ ಬಡ್ಸುದಾ? ಮೊದ್ಲೇ ಹೇಳುಕಾಗ್ದಾ ಅಮ್ಮ. ನಂದ್ ಬೈಂದೂರ್. ನಮ್ಮನಿಯಂಗೂ ಇವತ್ತೇ, ನಂಗ್ ರಜಿ ಸಿಕ್ಲಿಲ್ಲೆ. ಬನಿ, ಪಡುಬದಿ ಮೇಜಿಗ್ ಬನಿ, ಅಲ್ಲಿಂದ ಕೋಡಿ ಕಾಂತ್ತ್" ಎಂದು ಎಲೆಯನ್ನು ತಾನೇ ಎರಡು ಕೈಯಲ್ಲಿ ಎತ್ತಿಕೊಂಡು ಹೋದ. ಜಿತೇಂದ್ರನಿಗೆ ಜೀವ ಬಂದಂತಾಯಿತು. ಆದರೆ ಅಮ್ಮ, "ಅಪ್ಪಯ್ಯನ್ ಎದ್ರಿಗ್ ಆ ಚಟ್ಟಿ ತೆಗಿ" ಎಂದು ಹೆಲ್ಮೆಟ್ ತೆಗೆಸಿದರು.

ಬೀರಿನಲ್ಲಿ ಆರು ಬಗೆಯಿತ್ತು. ಗೋಧಿಯದು, ಅಕ್ಕಿಯದು, ಮಾವಿನಹಣ್ಣಿನದು, ಕಾಫಿಯಂತೆ ಕಪ್ಪಗಿನದು, ಇನ್ನೆರಡರ ಹೆಸರು ಕೀರ್ತನನಿಗೇ ಸರಿಯಾಗಿ ಬರುತ್ತಿರಲಿಲ್ಲ. ಯಾವುದು ಬಚ್ಚಣ್ಣನಿಗೆ ಹಿಡಿಸುತ್ತದೆ? ರುಚಿ ನೋಡಿ ಆರಿಸಬಹುದು ಎಂದು ಅವನು ಆರು ಪುಟ್ಟ ಗ್ಲಾಸು ತಂದಿಟ್ಟ. ಜಲಜಕ್ಕ ಮಗನನ್ನು ನೋಡಿದರು. ಮಗ ಆಕಾಶ ನೋಡಿದ.

"ಬಚ್ಚಣ್ಣನ್ ಸಲ್ವಾಯ್ ಅಲ್ದಾ, ನಾನ್ ಕಾಂತೆ" ಎಂದು ಮೋಹಿನಕ್ಕ ಮುಂದೆ ಬಂದರು. ಮೊದಲನೆಯದಕ್ಕೆ ಮುಖ ಕಿವುಚಿದರು. ಮೂರನೆಯದಕ್ಕೆ ತಲೆದೂಗಿದರು. ಐದನೆಯದು ಮುಗಿಸಿ, "ಅಕ್ಕಿದೇ ಸಮ. ಬಚ್ಚಣ್ಣ ಗಂಜಿ ಉಂಡ್ ಬದ್ಕಿದವ್ರ್" ಎಂದು ತೀರ್ಪು ಕೊಟ್ಟರು. "ಆದ್ರೂ ಆರ್ನೇದ್ ಬಿಡುಕಾಗ, ಅದ್ಕ್ ಬೇಜಾರ್ ಆತ್ತ್" ಎಂದು ಅದನ್ನೂ ಮುಗಿಸಿದರು.

ಎಡೆ ತಯಾರಾಯಿತು. ಎಲೆಯಲ್ಲಿ ಕುಚ್ಚಲಕ್ಕಿ ಅನ್ನ, ಕಾಣೆ ಮೀನು, ಬೀಡಿಕಟ್ಟು. ಪಕ್ಕದಲ್ಲಿ ನೊರೆಯುಕ್ಕುವ ಎತ್ತರದ ಗ್ಲಾಸು. ಸಮುದ್ರದ ಗಾಳಿಗೆ ಎಲೆ ಹಾರಲು ನೋಡಿತು. ಜಿತೇಂದ್ರ ತನ್ನ ಫೋನನ್ನೇ ಎಲೆಯ ತುದಿಗೆ ಭಾರ ಇಟ್ಟ. ಅಮ್ಮ ಕಣ್ಣು ಮುಚ್ಚಿ ಕೈ ಮುಗಿಯುವುದಕ್ಕೂ ಎಲೆ ಇಡೀ ಗಡಗಡ ನಡುಗುವುದಕ್ಕೂ ಸರಿಯಾಯಿತು.

"ಬಂದ್ರ್" ಎಂದರು ಜಲಜಕ್ಕ, ದನಿ ಕಂಪಿಸಿ.

ಬಂದದ್ದು ಚಂದು ಮಾಸ್ಟ್ರ ಫೋನು. ಅವರ ಹೆಸರು ಅನ್ನದ ಪಕ್ಕದಲ್ಲಿ ಹೊಳೆಯುತ್ತಿತ್ತು. ಜಿತೇಂದ್ರ ಬೆವರುತ್ತಾ ಅದರ ಬಾಯಿ ಒತ್ತಿ, ಅಲ್ಲಿದ್ದ ಉಪ್ಪಿನ ಡಬ್ಬಿಯನ್ನು ಎಲೆಯ ಮೇಲಿಟ್ಟ.

ಈಗ ಬಾಗಿಲು ಹಾಕಬೇಕು. ತಾರಸಿಗೆ ಎಲ್ಲಿಯ ಬಾಗಿಲು?

"ಎಲ್ರೂ ಆಚಿ ತಿರ್ಗಿ ನಿಂತ್ರೆ ಆಯ್ತ್" ಎಂದರು ಜಲಜಕ್ಕ. ಕೀರ್ತನ್ ಹೋಗಿ ಉಳಿದ ಮೇಜಿನವರಲ್ಲಿ ವಿನಂತಿಸಿದ. ಹುಟ್ಟುಹಬ್ಬಕ್ಕೆಂದು ಬಂದ ಬ್ಯಾಂಕಿನವರು ಒಂದು ಗುಂಪಿದ್ದರು, ಬ್ರಹ್ಮಾವರದ ಒಂದು ಸಂಸಾರವಿತ್ತು. ಯಾರೂ ಯಾಕೆ ಎಂದು ಕೇಳಲಿಲ್ಲ. ತಲೆಯ ಮೇಲಿನ ಹುಟ್ಟುಹಬ್ಬದ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು, ಎಲ್ಲರೂ ತಾರಸಿಯಂಚಿನ ಕಟಾಂಜನದ ಬದಿಗೆ ಹೋಗಿ ಮೇಜಿಗೆ ಬೆನ್ನು ಹಾಕಿ ಸಾಲಾಗಿ ನಿಂತರು. ಅಡುಗೆಯವರೂ ಹೊರಗೆ ಬಂದು ನಿಂತರು.

ಕೆಳಗೆ ಊರಿಡೀ ಬಿಚ್ಚಿ ಹರಡಿತ್ತು. ಹೆದ್ದಾರಿಯ ಮೇಲ್ಸೇತುವೆ, ಹೆಂಚಿನ ಮಾಡುಗಳು, ತೆಂಗಿನ ತಲೆಗಳು, ಅದರಾಚೆ ಕವಲೊಡೆದು ಹರಿಯುವ ಹೊಳೆ, ಹೊಳೆಯಾಚೆ ಗಂಗೊಳ್ಳಿಯ ಬೋಟುಗಳು, ಕೊನೆಗೆ ಬಿಸಿಲಿಗೆ ಮಿನುಗುವ ಕಡಲು. ಜಲಜಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ಹುಡುಕಿದರು.

"ಕಾಣಿ" ಎಂದು ಗಂಡನಿಗೆ ಮೆಲ್ಲಗೆ ಹೇಳಿದರು. "ದೀಪದ್ ಕಂಬದಿಂದ ಈಚಿಗ್ ನೀಲಿ ಟಾಂಕಿ ಕಾಂತ್ತಲೆ, ಅದೇ ನಮ್ಮನಿ. ರಮಿತಾ ಬಟ್ಟಿ ಒಣ್ಗ್ಸಿದ್ದ್ ಸಾ ಕಾಂತ್ತ್. ನೀವ್ ಹೇಳದ್ದ್ ಸಮ, ಇಲ್ಲಿಂದ ಎಲ್ಲ ಕಾಂತ್ತ್."

ಜಿತೇಂದ್ರ ಮೆಲ್ಲಗೆ ಕತ್ತು ತಿರುಗಿಸಿ ಮೇಜಿನ ಕಡೆ ನೋಡಿದ. ಗ್ಲಾಸು ತುಂಬಿಯೇ ಇತ್ತು. ಇನ್ನು ಎರಡು ನಿಮಿಷದಲ್ಲಿ ಅಮ್ಮ ತಿರುಗುತ್ತಾರೆ. ತುಂಬಿದ ಗ್ಲಾಸು ಕಂಡರೆ, ಇಷ್ಟು ಮೇಲೆ ಹತ್ತಿ ಬಂದರೂ ಅವರು ಬರಲಿಲ್ಲ ಎಂದು ತಿಳಿಯುತ್ತಾರೆ. ಮತ್ತೆ ಆ ಜಗಲಿ, ಆ ಮೌನ. ಅಮ್ಮ ಇನ್ನು ಏಳುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿ ಅನ್ನಿಸಿ ಭಯವಾಯಿತು.

ನಲವತ್ತೊಂದು ವರ್ಷದ ಪಾನವಿರೋಧಿ ಮೂರು ಹೆಜ್ಜೆ ಹಿಂದಕ್ಕೆ ಇಟ್ಟ, ಗ್ಲಾಸು ಎತ್ತಿದ, ಕಣ್ಣು ಮುಚ್ಚಿ ಒಂದೇ ಉಸಿರಿಗೆ ಇಳಿಸಿಬಿಟ್ಟ. ಕಷಾಯಕ್ಕೆ ಹುಳಿಗಂಜಿ ಬೆರೆಸಿದಂತಿತ್ತು. ಗ್ಲಾಸು ಇಟ್ಟು, ಸಾಲಿಗೆ ಬಂದು ನಿಂತು, ಮೇಲೆ ಬರುತ್ತಿದ್ದ ತೇಗನ್ನು ಹೇಗೋ ಒಳಗೇ ಅದುಮಿದ.

ಇನ್ನು ತಿರುಗುತ್ತೇವೆ ಎಂದು ಸೂಚನೆ ಕೊಡಲು ಜಲಜಕ್ಕ ಮೂರು ಸಲ ಕೆಮ್ಮಿದರು. ಎಲ್ಲರೂ ತಿರುಗಿದರು.

"ಖಾಲಿ" ಎಂದರು ಮೋಹಿನಕ್ಕ. ಆಮೇಲೆ ಐದು ಮಹಡಿ ಕೆಳಗೂ ಕೇಳುವಂತೆ, "ಹ್ವಾಯ್, ಗ್ಲಾಸ್ ಖಾಲಿ ಮಾರಾಯ್ರೆ!" ತುಂಬಿದ ಗ್ಲಾಸಿನ ಫೋಟೋ ಅವರು ಮೊದಲೇ ತೆಗೆದಿಟ್ಟಿದ್ದರು. ಈಗ ಖಾಲಿ ಗ್ಲಾಸಿನ ಸುತ್ತ ಪ್ರದಕ್ಷಿಣೆ ಬಂದು ವಿಡಿಯೋ ಮಾಡಿದರು. ಬ್ಯಾಂಕಿನವರು ಕೈ ಮುಗಿದರು. ಕೀರ್ತನ್ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡು, "ನಮ್ ಅಜ್ಜಯ್ಯಂಗೂ ಇಲ್ಲೇ ಒಂದ್ ಇಡ್ಕ್" ಎಂದ.

ಜಲಜಕ್ಕ ಮಗನನ್ನು ಒಂದು ಕ್ಷಣ ನೋಡಿದರು. ಕುರ್ಚಿ ಎಳೆದು ಕೂತು, ಎಲೆಯಿಂದ ಕಾಣೆಯ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡರು. ಮುಳ್ಳು ತೆಗೆದು ಬದಿಗಿಟ್ಟು, "ಉಪ್ಪ್ ಒಂಚೂರ್ ಕಮ್ಮಿ ಆಯ್ತ್" ಎಂದರು. ಎರಡು ತಿಂಗಳ ಮೇಲೆ ಅಮ್ಮ ಅಡುಗೆಗೆ ಹೆಸರಿಟ್ಟದ್ದು ಅದೇ ಮೊದಲು. ಜಿತೇಂದ್ರನಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಹೊಟ್ಟೆಯಲ್ಲಿ ಬೀರು ಬೇರೆ ಇತ್ತಲ್ಲ.

ವಾಪಸು ಬರುವಾಗ ಹೆಲ್ಮೆಟ್ ಅವನ ತೊಡೆಯ ಮೇಲಿತ್ತು. ಸರ್ಕಲ್ಲಿನ ಪೋಲೀಸನಿಗೆ ತಾನಾಗಿಯೇ ಕೈ ಬೀಸಿದ. ಗುಡ್ಡನ ಡ್ರೈವಿಂಗನ್ನು ಎರಡು ಸಲ ಹೊಗಳಿದ. ಮನೆ ಮುಟ್ಟಿದ್ದೇ ಜಲಜಕ್ಕ ಸೊಸೆಯನ್ನು ಕರೆದು, "ನನ್ ಬುಟ್ಟಿ ಅಟ್ಟದಿಂದ ಇಳ್ಸ್. ನಾಳಿಕೆ ಪ್ಯಾಟಿಗ್ ಹೋತೆ" ಎಂದರು. ಬೇಲಿಯಾಚೆಗೂ ಕೇಳಿತು ಆ ದನಿ. ರಮಿತಾ ಮಿಕ್ಕಿದ್ದ ತೊಂಡೆಕಾಯಿಯನ್ನು ದನಕ್ಕೆ ಹಾಕಿ, ಬಂಗುಡೆ ತರಲು ಓಡಿದಳು.

ಸಂಜೆ ನಾಲ್ಕಕ್ಕೆ ಚಂದು ಮಾಸ್ಟ್ರ ಫೋನು ಮತ್ತೆ ಬಂತು. "ಜಿತೇಂದ್ರ, ಮೋಹಿನಿ ಹಾಕಿದ್ ವಿಡಿಯೋ ಕಂಡೆ. ಊರಿಗ್ ಊರೇ ಕಂಡಿತ್."

ಜಿತೇಂದ್ರ ಎದ್ದು ನಿಂತ. "ಮಾಸ್ಟ್ರೇ, ನಾನ್ ರಾಜಿನಾಮೆ..."

"ರಾಜಿನಾಮೆ ಎಂತಕ್? ಕೇಣ್ ಇಲ್ಲಿ. ನಮ್ ಅಪ್ಪಯ್ಯನೂ ನನ್ ಕನ್ಸಂಗ್ ಬಂದ್ ಮೋರಿ ಊದ್ಸ್ಕಂಡ್ ಕೂಕಂತ್ರ್. ಎಂತ ಬೇಕ್ ಅಂದೇಳಿ ಇಷ್ಟ್ ವರ್ಷ ತಿಳಿಲಿಲ್ಲೆ, ಇವತ್ತ್ ತಿಳಿತ್. ಈಗಷ್ಟೇ ಸಮಿತಿ ಮೀಟಿಂಗ್ ಕರ್ದೆ. ಬದ್ಕಿದವ್ರ್ ಕುಡುಕಾಗ, ಹೋದವ್ರಿಗ್ ಅಡ್ಡಿಲ್ಲೆ ಅಂದೇಳಿ ತೀರ್ಮಾನ ಆಯ್ತ್. ಅಮಾಸಿ ಕಾಂಬುದ್ ಬ್ಯಾಡ, ಐತಾರ ಐತಾರ ಮಾಡುವ. ಬಪ್ಪು ಐತಾರ ನಾಲ್ಕ್ ಮನಿಯವ್ರ್ದ್ ನಾಲ್ಕ್ ಗ್ಲಾಸ್ ಇತ್ತ್. ನಮ್ ಸಮಿತಿ ಹರಿಣಾಕ್ಷಿ ಮಾವಂದ್ ಕಪ್ಪ್ ಬೀರ್, ದೊಡ್ಡ್ ಗ್ಲಾಸ್."

"ಒಳ್ಳೇದಾಯ್ತ್ ಮಾಸ್ಟ್ರೇ. ಯಾರ್ ಹೋತ್ರ್?"

"ಯಾರ್ ಹೋಪ್ದ್ ಅಂದ್ರೆ? ನೀನೇ. ಬೇರೆಯವ್ರನ್ ಗ್ಲಾಸಿನ್ ಹತ್ರ ನಿಲ್ಸಿರೆ ಅವ್ರೇ ಕುಡ್ದ್ ಬಿಡುಕೂ ಸಾಕ್. ಊರಂಗ್ ಒಂದ್ ಹನಿ ಮುಟ್ಟದ್ ಗಂಡ್ಸ್ ಅಂದ್ರೆ ನೀನ್ ಒಬ್ನೇ. ಎಲ್ರ್ ನಂಬ್ಕಿ ನಿನ್ ಮೇಲ್ ಇತ್ತ್."

ಫೋನು ಇಟ್ಟ ಜಿತೇಂದ್ರ ಹಿತ್ತಲಿಗೆ ಬಂದ. ಅಮ್ಮ ಕತ್ತಿಯ ಮುಂದೆ ಕೂತು ಬಂಗುಡೆ ಕೊಯ್ಯುತ್ತಿದ್ದರು.

"ಅಮ್ಮ, ಒಂದ್ ಮಾತ್ ಹೇಳ್ಕ್. ಆ ಗ್ಲಾಸ್..."

"ಗೊತ್ತಿತ್ತ್."

"ಗೊತ್ತಿತ್ತಾ?"

"ಒಂದ್ ಗ್ಲಾಸಿಗ್ ಒಂದ್ ಗಂಟಿ ಕೂಕಂಬೋರ್ ನಿನ್ ಅಪ್ಪಯ್ಯ. ಅಷ್ಟ್ ಬೇಗ ಖಾಲಿ ಮಾಡುಕೆ ಅವ್ರಿಂದ್ ಆತ್ತಾ?"

"ಮತ್ ನೀವ್ ಮೀನ್ ತಿಂದದ್ದ್?"

ಜಲಜಕ್ಕ ಕೈ ನಿಲ್ಲಿಸಿದರು. "ಅವ್ರಿಗ್ ಬೀರಿನ್ ಆಸಿ ಅಲ್ಲ ಮಗಾ. ಆ ಮೇಲ್ ಮಗನೊಟ್ಟಿಗ್ ಕೂಕಂಡ್ ಒಂದ್ ಗ್ಲಾಸ್ ಕುಡುಕ್ ಅಂದೇಳಿ ಆಸಿ. ನಿನ್ ಹತ್ರ ಕೇಂಬುಕೆ ಹೆದ್ರಿಕಿ. ಸೆಕ್ರೆಟ್ರಿ ಅಲ್ದಾ ನೀನ್. ಇವತ್ತ್ ಅವ್ರ್ ಎಲಿ ಮುಂದ್ ನಿಂತ್ ಕುಡ್ದಿಯಲೆ, ಅವ್ರಿಗ್ ಅಷ್ಟೇ ಬೇಕಾದ್ದ್."

ಜಿತೇಂದ್ರ ಬಾವಿಕಟ್ಟೆಯ ಮೇಲೆ ಕೂತುಬಿಟ್ಟ. ಕೇಳಿದ್ದರೆ ಒಂದು ಸಲ ಕೂರುತ್ತಿದ್ದೆನೋ ಏನೋ ಎಂದುಕೊಂಡ, ಕಣ್ಣು ತುಂಬಿತು. ಅಮ್ಮ ಅವನಷ್ಟಕ್ಕೆ ಅವನನ್ನು ಬಿಟ್ಟು ಇನ್ನೆರಡು ಬಂಗುಡೆ ಕೊಯ್ದರು. ಒಂದಷ್ಟು ಹೊತ್ತಾದ ಮೇಲೆ ಅವನಿಗೆ ಚಂದು ಮಾಸ್ಟ್ರು ನೆನಪಾದರು.

"ಅಮ್ಮ, ಬಪ್ಪು ಐತಾರ ನಾಲ್ಕ್ ಗ್ಲಾಸ್ ಅಂಬ್ರ್. ನಾನೇ ಹೋಯ್ಕ್ ಅಂಬ್ರ್. ಗ್ಲಾಸ್ ಖಾಲಿ ಆಗ್ದಿರೆ ಅವ್ರೆಲ್ಲ ನಿಮ್ಮಂಗೇ ಜಗಲಿಯಂಗ್ ಕೂಕಂತ್ರ್. ನಾನ್ ಎಂತ ಮಾಡುದ್?"

"ಎಂತ ಮಾಡುದ್, ಹೋಯ್ಕ್" ಎಂದರು ಜಲಜಕ್ಕ, ಇನ್ನೊಂದು ಬಂಗುಡೆ ಎತ್ತಿಕೊಳ್ಳುತ್ತಾ. "ಹೋಪತಿಗೆ ಆ ಮೀಸಿ ಬೋಳ್ಸ್ಕಂಡ್ ಹೋಗ್. ಇವತ್ತ್ ಅದ್ಕ್ ಇಡೀ ನೊರಿ ಹತ್ತಿತ್ತ್."